ಗುಡಿಸದೆ ಬಿಟ್ಟ ಮೂಲೆ

೧೪ ಅಕ್ಟೋಬರ್ ೧೯೫೬, ಗದಗ

ಇಂದೂ ಎರಡು ಸಲ ಕರೆದರಂತೆ. ಕೇಳಿಸಿತ್ತು, ನನ್ನನ್ನೇ ಎಂದು ಹೊಳೆಯಲಿಲ್ಲ. ಅತ್ತೆಯವರು ಅಡುಗೆಮನೆಯಿಂದಲೇ, "ವಿಮಲಾ ಅಂದ್ರ ಯಾರು, ಬಾಜೂ ಮನಿಯಾಕಿ ಏನು?" ಎಂದರು. ವೈಶಾಖದಲ್ಲಿ, ಮದುವೆಯ ದಿನ, ತಾಟಿನ ಅಕ್ಕಿಯಲ್ಲಿ ಇವರು ಉಂಗುರದಿಂದ ಬರೆದ ಹೆಸರು. ಅಲ್ಲಿಯವರೆಗೆ ತುಂಗಾ ಆಗಿದ್ದೆ. ಬಿ.ಎ. ಸರ್ಟಿಫಿಕೇಟಿನಲ್ಲಿ ಇನ್ನೂ ತುಂಗಾ.

ಹಿತ್ತಲಲ್ಲಿ ಹೊಸದೊಂದು ಹಕ್ಕಿ. ಮಾವಿನ ಗಿಡದ ಕೆಳಗೆ, ಒಣ ಎಲೆಗಳ ನಡುವೆ. ಗೊರವಂಕದಷ್ಟು. ನೋಡುತ್ತ ನಿಂತೆ — ಕೊಡ ತುಂಬಿ ಹರಿಯಿತು. ಅದಕ್ಕೂ ಬೈಸಿಕೊಂಡೆ.

೧೬ ಅಕ್ಟೋಬರ್

ಬೆನ್ನು ಹಸಿರು. ರೆಕ್ಕೆಯಲ್ಲಿ ನೀಲಿ ತುಣುಕು. ಕಣ್ಣಿನ ಮೇಲೆ ಹಾಯ್ದ ಕಪ್ಪು ಪಟ್ಟಿ, ಕಾಡಿಗೆ ಹರಡಿದಂತೆ. ಅದರ ಮೇಲೆ ಬಿಳಿ ಹುಬ್ಬು. ಮೋಟು ಬಾಲ, ಬಾಲದಡಿ ಕುಂಕುಮ. ನಡೆಯುವುದಿಲ್ಲ, ಕುಪ್ಪಳಿಸುತ್ತದೆ. ನಿಂತಾಗ ಬಾಲ ಮೆಲ್ಲಗೆ ಮೇಲೆ, ಕೆಳಗೆ... ಎಲೆಯನ್ನು ಕೊಕ್ಕಿನಿಂದ ಎತ್ತಿ ಬದಿಗೆಸೆದು ಹುಳ ಹಿಡಿಯುತ್ತದೆ.

ಧಾರವಾಡದಲ್ಲಿ ನಾಲ್ಕು ವರ್ಷ ಕಾವ್ಯ ಓದಿದೆ. ಚಕೋರ, ಚಾತಕ, ರಾಜಹಂಸ — ಒಂದನ್ನೂ ಕಂಡವಳಲ್ಲ. ಈಗ ಕಂಡದ್ದಕ್ಕೆ ಹೆಸರು ಗೊತ್ತಿಲ್ಲ.

೨೦ ಅಕ್ಟೋಬರ್

ಕಚೇರಿಯಿಂದ ಬಂದ ಮೇಲೆ ಇವರಿಗೆ ಹೇಳಿದೆ. ಚಷ್ಮಾ ಒರೆಸುತ್ತ, "ಬಾಲದ ಕೆಳಗ ಕೆಂಪು? ಪಿಕಳಾರ ಇರಬೇಕು," ಎಂದರು. "ಅಲ್ಲ," ಎಂದೆ. ಚಷ್ಮಾ ಹಾಕಿಕೊಂಡು ನನ್ನನ್ನು ನೋಡಿದರು. ಇವರಿಗೆ ಅಲ್ಲ ಎಂದದ್ದು ಇದೇ ಮೊದಲಿರಬೇಕು.

೨೪ ಅಕ್ಟೋಬರ್

ಹೈಸ್ಕೂಲಿನ ಲೈಬ್ರರಿಯಿಂದ ಇವರು ಒಂದು ಇಂಗ್ಲಿಷ್ ಪುಸ್ತಕ ತಂದಿದ್ದಾರೆ. ಬಣ್ಣದ ಚಿತ್ರ. ಅದೇ ಹುಬ್ಬು, ಅದೇ ಬಾಲ. ಪಿಟ್ಟಾ ಎಂದು ಬರೆದಿದೆ. ಚಳಿಗಾಲಕ್ಕೆ ಹಿಮಾಲಯದ ತಪ್ಪಲಿನಿಂದ ದಕ್ಷಿಣಕ್ಕೆ ಬರುತ್ತದೆ; ದಣಿದು ಊರೊಳಗಿನ ಹಿತ್ತಲುಗಳಲ್ಲಿ ಇಳಿಯುವುದುಂಟು. ಒಣ ಎಲೆ ಇದ್ದಲ್ಲಿ ಮಾತ್ರ ನಿಲ್ಲುತ್ತದೆ. ಕನ್ನಡದ ಹೆಸರು ಅದರಲ್ಲಿಲ್ಲ.

೨೭ ಅಕ್ಟೋಬರ್

ಹಬ್ಬದ ಕೆಲಸ. ಕಸಗುಡಿಸುವ ಸಾವಂತ್ರೆವ್ವನಿಗೆ ಅತ್ತೆಯವರ ಅಪ್ಪಣೆ: "ಹಿತ್ತಲಾ ಕನ್ನಡಿ ಆಗಬೇಕು ನೋಡು. ಮಾವಿನ ಕೆಳಗಿನ ಎಲಿ ಎಲ್ಲಾ ಬಳದು ಬೆಂಕಿ ಹಚ್ಚು."

"ಮಂಗಳಾರ ಬರ್ತೇನ್ರೀ ಅವ್ವಾರ. ಕಡ್ಡಿಪೆಟ್ಟಿಗಿ ನಿಮ್ದ ಮತ್ತ."

ನಾನು ಸೋಮವಾರವೇ ಲಕ್ಷ್ಮೇಶ್ವರಕ್ಕೆ. ಮೊದಲ ದೀಪಾವಳಿ, ತವರಲ್ಲಿ. ಬರುವಷ್ಟರಲ್ಲಿ ಎಲೆ ಇರುವುದಿಲ್ಲ, ಹಕ್ಕಿಯೂ ಇರುವುದಿಲ್ಲ. ಹೇಳಬೇಕು. ಅಡುಗೆಮನೆಯ ಬಾಗಿಲವರೆಗೆ ಹೋದೆ. ಬಾಯಿಂದ ಬಂದದ್ದು — "ಎಣ್ಣಿ ಮುಗದದ."

೨೮ ಅಕ್ಟೋಬರ್, ಸಂಜೆ

ಹೇಳಿದೆ.

"ಅತ್ಯಾ, ಮಾವಿನ ಕೆಳಗಿನ ಎಲಿ ಇರ್ಲಿ. ಅಲ್ಲೆ ಒಂದು ಹಕ್ಕಿ ಅದ. ಎಲಿ ಹೋದ್ರ ಅದೂ ಹೋಗ್ತದ."

"ಎಂಥಾ ಹಕ್ಕಿ?"

"ಕನ್ನಡದಾಗ ಹೆಸರು ಸಿಕ್ಕಿಲ್ಲ."

"ಹೆಸರೇನು ದೊಡ್ಡದು! ತಾಟಿನಾಗ ಅಕ್ಕಿ ಹರವಿ ನೀನ ಬರದುಬಿಡು. ಬಿ.ಎ. ಆಗೀಯಲ್ಲ."

"ಬರದ್ರಾತೇನ್ರಿ? ಕರದ್ರ ಹೊಳ್ಳಿ ನೋಡಬೇಕಲ್ಲ."

ಜಾರಿಬಿಟ್ಟಿತು. ಹೂಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು. "ಭಾಗೀರಥಿ ಅಂದ್ರ ಹೊಳ್ಳಿ ನೋಡಲಿಕ್ಕೆ ನನಗೂ ವರ್ಷ ಹಿಡೀತು," ಎಂದರು. ಮತ್ತೆ ಹೊಸೆಯತೊಡಗಿದರು.

ಎಲೆಯ ಮಾತೇ ಎತ್ತಲಿಲ್ಲ.

೧ ನವೆಂಬರ್, ಲಕ್ಷ್ಮೇಶ್ವರ

ಎಣ್ಣೆಸ್ನಾನ. ಪೇಟೆಯಲ್ಲಿ ಮೆರವಣಿಗೆ — ನಾಡು ಒಂದಾಯಿತು. ಇವರ ಕಚೇರಿಯ ಕಾಗದಗಳ ಮೇಲೆ ಇನ್ನು ಮುಂಬೈ ಬದಲು ಮೈಸೂರು ರಾಜ್ಯ. "ಕರ್ನಾಟಕ ಅಂತಿಡಲಿಕ್ಕೆ ಏನಾಗಿತ್ತು?" ಎಂದು ಅಪ್ಪ. ಊಟ ತಣ್ಣಗಾಗುವವರೆಗೆ ಅಪ್ಪನದೂ ಹಬ್ಬಕ್ಕೆ ಬಂದ ಇವರದೂ ವಾದ.

ಇಲ್ಲಿ ಎಲ್ಲರಿಗೂ ನಾನು ತುಂಗಾ. ಆದರೂ ಅವ್ವ ಹಿಂದಿನಿಂದ ಕರೆದಾಗ ಹೊರಳುವುದು ಒಂದು ಕ್ಷಣ ತಡವಾಯಿತು.

ಮಂಗಳವಾರವೇ ಬೆಂಕಿ ಹಚ್ಚಿರುತ್ತಾರೆ.

೭ ನವೆಂಬರ್, ಗದಗ

ನಿನ್ನೆ ಕತ್ತಲಾದ ಮೇಲೆ ಬಂದೆವು. ಬೆಳಿಗ್ಗೆ ನೋಡಿದೆ. ಹಿತ್ತಲು ಕನ್ನಡಿ. ಮಾವಿನ ಕೆಳಗೆ ಮಾತ್ರ ಎಲೆಗಳು ಹಾಗೇ ಇವೆ. ಅವುಗಳ ಸುತ್ತ ರಂಗೋಲಿಯ ಗೆರೆ.

"ಸಾವಂತ್ರೆವ್ವಗ ಸೊಂಟಾ ಹಿಡದಿತ್ತು. ಅಷ್ಟು ಉಳೀತು," ಎಂದರು ಅತ್ತೆಯವರು.

ಬಾವಿಯ ಹತ್ತಿರ ಸಾವಂತ್ರೆವ್ವ: "ನನ್ನ ಸೊಂಟಕ್ಕೇನಾಗೇತ್ರಿ, ಕಲ್ಲಿದ್ದಂಗೈತಿ! ಕೈಯಾಗಿನ ಕಸಬರಿಗಿ ಕಸಗೊಂಡ್ರು ನಿಮ್ಮತ್ತಿಯಾರು. ಈ ಗೆರಿ ದಾಟಬ್ಯಾಡ ಅಂದ್ರು. ನಾ ಏನು ಸೀತವ್ವ ಏನ್ರಿ?"

ಹಕ್ಕಿ? ಪಟಾಕಿ ಶುರುವಾದಾಗಿನಿಂದ ಕಂಡಿಲ್ಲವಂತೆ.

೯ ನವೆಂಬರ್

ಇಲ್ಲ. ಪುಸ್ತಕ ಹಿಂದಿರುಗಿಸಿಯಾಯಿತು. ರಂಗೋಲಿ ಅಳಿಸಿತ್ತು, ಇಂದು ಮತ್ತೆ ಯಾರೋ ಎಳೆದಿದ್ದಾರೆ.

೧೨ ನವೆಂಬರ್, ಮುಂಜಾನೆ

ಹಾಲು ಒಲೆಯ ಮೇಲಿದೆ. ಚಳಿ ಶುರು. ಸಾವಂತ್ರೆವ್ವ ಇಂದು ಬರುವುದಿಲ್ಲವಂತೆ, ಅಂಗಳ ನಾನೇ ಗುಡಿಸಬೇಕು. ಹಿತ್ತಲ ಬಾಗಿಲಿನಿಂದ ಅತ್ತೆಯವರ ದನಿ, ಪಿಸುಮಾತಿಗಿಂತ ತುಸು ಮೇಲೆ —

"ತುಂಗಾ... ಸಪ್ಪಳ ಮಾಡದ ಬಾ."

ಹೊರಳಿದೆ. ಮಡಿಸೀರೆಯಲ್ಲಿ, ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಾರೆ. ಹಾಲು ಉಕ್ಕಲಿ. ಎಲೆಗಳಲ್ಲಿ ಏನೋ ಕುಪ್ಪಳಿಸುತ್ತಿದೆ —