ಒಂಬತ್ತಕ್ಕೆ ಇಳಿಸಿದ ಅಕ್ಷರ

ಡುಲೂತ್, ಮಿನೆಸೋಟ
ಗುರುವಾರ, ೨೨ ಏಪ್ರಿಲ್ ೧೯೯೯

ಪ್ರೀತಿಯ ಮಗಳೇ ಲೆಂಪಿ,

ಮೊದಲು ನಿನ್ನ ಮಣಿಕಟ್ಟಿನ ಸಂಗತಿ ಹೇಳು. ‘ಉಗಿ ಕೊಳವೆ ತಾಗಿ ಸ್ವಲ್ಪ ಸುಟ್ಟಿದೆ’ ಎಂದು ಒಂದು ಸಾಲು ಗೀಚಿ ಉಳಿದ ಎರಡು ಪುಟ ಎಂಜಿನ್ನಿನ ಗುಣಗಾನ ಮಾಡಿದ್ದೀಯ. ನಾನು ಹೆತ್ತದ್ದು ನಿನ್ನನ್ನು, ಎಂಜಿನ್ನನ್ನಲ್ಲ. ಗಾಯ ಒಣಗಿತೇ? ಕೀವು ಆಗಿಲ್ಲ ತಾನೇ? ಹಡಗಿನ ಅಡುಗೆಯವ ಈ ವರ್ಷವಾದರೂ ಮನುಷ್ಯರು ತಿನ್ನುವಂಥದ್ದು ಬೇಯಿಸುತ್ತಿದ್ದಾನೆಯೇ? ಏಲಕ್ಕಿ ಹಾಕಿದ ಬ್ರೆಡ್ಡು ಮಾಡಿದ್ದೇನೆ, ಸಾಗುವ ಹಡಗುಗಳಿಗೆ ಅಂಚೆ ಮುಟ್ಟಿಸುವ ಡೆಟ್ರಾಯಿಟ್‌ನ ದೋಣಿಯವರಿಗೆ ಈ ಪತ್ರದ ಜೊತೆಗೇ ಕಳಿಸುತ್ತೇನೆ. ನಿನ್ನ ಕೈ ಸೇರುವಷ್ಟರಲ್ಲಿ ಕಲ್ಲಾಗಿದ್ದರೆ ಕಾಫಿಯಲ್ಲಿ ಅದ್ದಿ ತಿನ್ನು. ನಾನು ಚೆನ್ನಾಗಿದ್ದೇನೆ. ಕಣ್ಣು ಹೇಗಿದ್ದವೋ ಹಾಗೇ ಇವೆ, ಹನಿ ತಪ್ಪದೆ ಹಾಕಿಕೊಳ್ಳುತ್ತಿದ್ದೇನೆ, ಆ ವಿಷಯ ಮತ್ತೆ ಎತ್ತಬೇಡ.

ಈಗ ಕೇಳು. ನನ್ನ ಮೈ ಉರಿಯುತ್ತಿದೆ. ಮೂವತ್ತೊಂದು ವರ್ಷ ಆ ವಕೀಲ ಬ್ರಾಂಡ್‌ವಿಕ್‌ನ ಕಚೇರಿಯಲ್ಲಿ ಟೈಪು ಮಾಡಿ ಬೆರಳು ಸವೆಸಿದ್ದೇನಲ್ಲ, ಇವತ್ತು ಕಂಡಂಥ ನೀಚತನ ಅಲ್ಲಿ ಎಂದೂ ಕಂಡಿರಲಿಲ್ಲ. ಅವನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನಿನ್ನ ಮೇಲೂ ಇದೆ, ಮೂಗು ಮುರಿಯಬೇಡ. ನನ್ನ ಕಚೇರಿಯ ಕಂಪ್ಯೂಟರಿಗೆ ಮ್ಯಾಕ್ರೋ ಎಂಬ ಆ ಪುಟ್ಟ ಪ್ರೋಗ್ರಾಮು ಬರೆದುಕೊಟ್ಟವಳು ನೀನೇ. ಜನವರಿಯಲ್ಲಿ ಸರೋವರ ಹೆಪ್ಪುಗಟ್ಟಿ ಹಡಗು ನಿಂತಾಗ ನಮ್ಮ ಅಡುಗೆಮನೆ ಮೇಜಿನ ಮುಂದೆ ಕೂತು ಹನ್ನೊಂದು ಸಾಲು ಬರೆದೆ. ಯಾವ ಕಡತ ತೆರೆದರೂ ಅಕ್ಷರ ಒಂದೂವರೆ ಪಟ್ಟು ದೊಡ್ಡದಾಗಿ ಕಾಣಬೇಕು, ಹಾಗೆ ಹಿಗ್ಗಿದ ಪುಟ ಬಲಕ್ಕೆ ಜಾರಿ ಹೋಗದೆ ಪರದೆಯ ನಟ್ಟನಡುವೆ ಬಂದು ನಿಲ್ಲಬೇಕು. ಇಷ್ಟೇ ಅದರ ಕೆಲಸ. ‘ಕಾಗದದ ಮೇಲೆ ಏನೂ ಬದಲಾಗಲ್ಲಮ್ಮ, ನಿಂಗೆ ಕಾಣೋದು ಮಾತ್ರ ಬದಲಾಗುತ್ತೆ. ಕನ್ನಡಕ ಹಾಕ್ಕೊಂಡ್ರೆ ಪುಸ್ತಕ ದೊಡ್ಡದಾಗುತ್ತಾ?’ ಎಂದು ನಕ್ಕೆ. ಅಷ್ಟು ಚೆನ್ನಾಗಿ ಯಾಕೆ ಬರೆದೆ? ಕೆಟ್ಟದಾಗಿ ಬರೆದಿದ್ದರೆ ನಾನು ಆಗಲೇ ಕೆಲಸ ಬಿಟ್ಟು ಮರ್ಯಾದೆಯಾಗಿ ಮನೆಯಲ್ಲಿರುತ್ತಿದ್ದೆ. ಅದು ಬಂದ ಮೇಲೆ ಎರಡೂವರೆ ತಿಂಗಳು ನನ್ನಷ್ಟು ತಪ್ಪಿಲ್ಲದೆ ಟೈಪು ಮಾಡಿದವರು ಆ ಕಚೇರಿಯಲ್ಲಿ ಇರಲಿಲ್ಲ. ಯಾರಿಗೂ ಅನುಮಾನ ಬರಲಿಲ್ಲ.

ಆಮೇಲೆ ಏಪ್ರಿಲ್ ಒಂಬತ್ತು, ಶುಕ್ರವಾರ, ನನ್ನ ಕಂಪ್ಯೂಟರ್ ಬದಲಾಯಿಸಿದರು. ಹೊಸದರಲ್ಲಿ ನಿನ್ನ ಮ್ಯಾಕ್ರೋ ಇಲ್ಲ. ಕಂಪ್ಯೂಟರಿನವನನ್ನು ಕೇಳಿದರೆ ‘ಯಾತಕ್ಕೆ?’ ಅನ್ನುತ್ತಾನೆ, ಯಾತಕ್ಕೆಂದು ಹೇಳಿದರೆ ಮಧ್ಯಾಹ್ನದ ಹೊತ್ತಿಗೆ ಇಡೀ ಕಚೇರಿಗೆ ನನ್ನ ಕಣ್ಣಿನ ಸುದ್ದಿ. ನಾನೇ ಹಾಕಿಕೊಂಡೆ. ‘ನಿನ್ನ ಸ್ವಂತ ಟೆಂಪ್ಲೇಟಿಗೆ ಮಾತ್ರ ಹಾಕಮ್ಮ, ಎಲ್ಲರೂ ಬಳಸೋದಕ್ಕಲ್ಲ’ ಎಂದು ನೀನು ಫೋನಿನಲ್ಲಿ ಹೇಳಿದ್ದೆಯಂತೆ. ಹೇಳಿದ್ದೆ, ಹೌದು. ಹಿಂದೆ ಎಂಜಿನ್ ಗುಡುಗುತ್ತಿತ್ತು, ನಾನು ಅರ್ಧ ಕೇಳಿಸಿಕೊಂಡೆ, ಅರ್ಧ ‘ಇವಳೇನು ನನಗೆ ಹೇಳಿಕೊಡೋದು’ ಎಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿದ್ದು ಇಡೀ ಕಚೇರಿಯ ಟೆಂಪ್ಲೇಟಿಗೆ.

ಸೋಮವಾರ ಬೆಳಿಗ್ಗೆ ಎಲ್ಲರ ಪರದೆಯ ಮೇಲೂ ಅಕ್ಷರಗಳು ಊದಿಕೊಂಡವು. ಮೂರು ಕೋಣೆಗಳಿಂದ ಕಿರುಚಾಟ. ಯಾರಿಗೂ ಕಾಣದ ಹಾಗೆ ಹತ್ತು ಗಂಟೆಯ ಒಳಗೆ ಅದನ್ನು ಕಿತ್ತು ಹಾಕಿದೆ, ಮತ್ತೆ ತೆರೆದ ಕಡತಗಳೆಲ್ಲ ಸರಿಯಾದವು, ಕಂಪ್ಯೂಟರಿಗೆ ಶೀತವಾಗಿತ್ತು ಎಂದು ಎಲ್ಲರೂ ನಕ್ಕು ಕಾಫಿ ಕುಡಿದರು. ಆದರೆ ಬ್ರಾಂಡ್‌ವಿಕ್ ಮಹಾಶಯ ಅಷ್ಟರಲ್ಲೇ ತನ್ನ ಜಾಣತನ ತೋರಿಸಿ ಆಗಿತ್ತು. ಅವತ್ತು ಸಂಜೆ ಐದರೊಳಗೆ ಮೇಲ್ಮನವಿ ನ್ಯಾಯಾಲಯಕ್ಕೆ ಲಿಖಿತ ವಾದ ಸಲ್ಲಿಸಬೇಕಿತ್ತು. ಕಾಗದದ ಕಾರ್ಖಾನೆಯಲ್ಲಿ ಬಲಗೈ ಕಳೆದುಕೊಂಡ ಒಬ್ಬ ಮನುಷ್ಯನ ಕೇಸು. ಈತ ಕಡತ ತೆರೆದ, ಅಕ್ಷರ ದೊಡ್ಡದಾಗಿ ಕಂಡಿತು. ‘ಯಾವ ಕತ್ತೆ ಇದನ್ನ ಸಿನಿಮಾ ಪೋಸ್ಟರ್ ಥರ ಟೈಪ್ ಮಾಡಿರೋದು?’ ಎಂದು ಕೂಗಿದ್ದು ನನ್ನ ಮೇಜಿಗೂ ಕೇಳಿಸಿತು. ಕೂಗಿ ಸುಮ್ಮನಾದ ಎಂದುಕೊಂಡೆ. ಅವನು ಇಡೀ ವಾದವನ್ನು ಆಯ್ದುಕೊಂಡು ಅಕ್ಷರದ ಗಾತ್ರವನ್ನು ಹದಿಮೂರರಿಂದ ಒಂಬತ್ತಕ್ಕೆ ಇಳಿಸಿದ್ದ! ಕಾಣುವುದು ಬೇರೆ, ಅಚ್ಚಾಗುವುದು ಬೇರೆ ಎಂಬುದು ಮೂವತ್ತು ವರ್ಷ ವಕೀಲಿ ಮಾಡಿದವನಿಗೆ ತಿಳಿಯದು. ನಲವತ್ತನಾಲ್ಕು ಪುಟ ಇಪ್ಪತ್ತಮೂರಕ್ಕೆ ಇಳಿಯಿತಲ್ಲ ಎಂದು ಹಿಗ್ಗಿದ್ದು ಬೇರೆ. ದಿನವಿಡೀ ಕಡತ ಮುಚ್ಚದೆ ಹಾಗೇ ಇಟ್ಟುಕೊಂಡು ತಿದ್ದುತ್ತಿದ್ದ, ಹಾಗಾಗಿ ಅವನ ಪರದೆಯ ಮೇಲೆ ಸಂಜೆಯವರೆಗೂ ಎಲ್ಲ ಅಂದವಾಗಿಯೇ ಕಂಡಿತು.

ನಾಲ್ಕೂವರೆಗೆ ಪ್ರಿಂಟಿಗೆ ಕೊಟ್ಟ. ಪ್ರತಿಗಳನ್ನು ಹೊಲಿದು ರಟ್ಟು ಹಾಕಿದವಳು ಡಾರ್ಲಾ ಪಿಕಾರ್ಡ್. ನವೆಂಬರಿನಲ್ಲಿ ಸೇರಿದಳು, ನನ್ನ ಪಕ್ಕದ ಮೇಜು, ಮೂವತ್ತನಾಲ್ಕು ವಯಸ್ಸು, ಇಬ್ಬರು ಅವಳಿ ಮಕ್ಕಳು, ಗಂಡ ಇದ್ದೂ ಇಲ್ಲದವನು. ಅವಳು ಮೊದಲ ಪುಟ ನೋಡಿದ ಕೂಡಲೇ ಒಳಗೆ ಓಡಿದಳು. ‘ಸಾರ್, ಅಕ್ಷರ ತುಂಬ ಚಿಕ್ಕದಿದೆ, ಕೋರ್ಟಿನವ್ರು ತಗೋತಾರಾ?’ ಅಂದಳು. ‘ನನ್ನ ಪರದೆ ಮೇಲೆ ಸರಿಯಾಗಿದೆ, ನೀನು ಹೊಲಿ’ ಅಂದ. ಎರಡನೇ ಸಲ ಹೋದಳು. ‘ನಿಂಗೆ ಹೊಲಿಯೋಕೆ ಸಂಬಳ ಕೊಡೋದೋ, ಯೋಚನೆ ಮಾಡೋಕೋ?’ ಅಂದ. ಬಾಗಿಲು ತೆರೆದಿತ್ತು, ಎಲ್ಲರೂ ಕೇಳಿದೆವು. ನಾನೂ ಕೇಳಿದೆ, ಲೆಂಪಿ. ಕೇಳಿ ತಲೆ ತಗ್ಗಿಸಿ ಟೈಪು ಮಾಡುತ್ತಾ ಕೂತೆ. ಒಂದು ಮಾತು ಆಡಿದ್ದರೆ ಸಾಕಿತ್ತು, ಅರ್ಧ ಗಂಟೆ ಇನ್ನೂ ಇತ್ತು. ಆದರೆ ಅಕ್ಷರ ಯಾಕೆ ದೊಡ್ಡದಾಗಿ ಕಂಡಿತು ಎಂದು ಹೇಳಬೇಕಾಗುತ್ತಿತ್ತು.

ನಿನ್ನೆ ನ್ಯಾಯಾಲಯ ಎಲ್ಲ ಪ್ರತಿಗಳನ್ನೂ ಹಿಂದಕ್ಕೆ ಎಸೆಯಿತು. ಹದಿಮೂರಕ್ಕಿಂತ ಚಿಕ್ಕ ಅಕ್ಷರ ಸ್ವೀಕರಿಸುವುದಿಲ್ಲ, ಅವಧಿ ಮುಗಿದಿದೆ. ಮತ್ತೆ ಸಲ್ಲಿಸಬೇಕೆಂದರೆ ತಪ್ಪು ಹೇಗಾಯಿತು, ಯಾರಿಂದ ಆಯಿತು ಎಂದು ಅಫಿಡವಿಟ್ ಕೊಡಿ, ನೋಡುತ್ತೇವೆ ಎಂದಿದ್ದಾರೆ. ಇವತ್ತು ಮಧ್ಯಾಹ್ನ ಬ್ರಾಂಡ್‌ವಿಕ್ ಆ ಅಫಿಡವಿಟ್ಟನ್ನು ಬಾಯಲ್ಲಿ ಹೇಳುತ್ತಾ ನನ್ನ ಕೈಯಲ್ಲೇ ಟೈಪು ಮಾಡಿಸಿದ. ಏನಿತ್ತು ಗೊತ್ತೇ ಅದರಲ್ಲಿ? ‘ಡಾರ್ಲಾ ಪಿಕಾರ್ಡ್ ಎಂಬ ನಾನು ಅನುಭವದ ಕೊರತೆಯಿಂದ ಅಕ್ಷರದ ಗಾತ್ರ ತಪ್ಪಾಗಿ ಹಾಕಿದೆ.’ ನಾಳೆ ಹನ್ನೆರಡಕ್ಕೆ ಅವಳು ಸಹಿ ಹಾಕಬೇಕು, ಹಾಕಿದ ಮೇಲೆ ಸೋಮವಾರದಿಂದ ಬರಬೇಕಿಲ್ಲ. ಹಾಕದಿದ್ದರೂ ಬರಬೇಕಿಲ್ಲ, ಹಾಕಿದರೆ ಒಳ್ಳೆಯ ಮಾತು ಬರೆದ ಪತ್ರ ಒಂದು ಕೊಡುತ್ತಾನಂತೆ. ‘ಯಾರೋ ಒಬ್ರು ತಗೋಬೇಕಲ್ಲ ಐಲಿ, ಕಕ್ಷಿದಾರನ ಹಿತ ನೋಡಿ’ ಎಂದು ನನಗೆ ಬುದ್ಧಿ ಹೇಳಿದ. ಕಕ್ಷಿದಾರನ ಹಿತವಂತೆ! ತನ್ನ ಹೆಸರು ನ್ಯಾಯಾಧೀಶರ ಮುಂದೆ ಕೆಡಬಾರದು, ಅಷ್ಟೇ. ಡಾರ್ಲಾ ಊಟದ ಕೋಣೆಯಲ್ಲಿ ನನ್ನ ಎದುರು ಕೂತು ‘ನಾನೇ ಏನಾದ್ರೂ ಒತ್ತಿಬಿಟ್ನೇನೋ, ಈ ಹಾಳು ಮಿಷನ್ ನಂಗೆ ಒಂದೊಂದ್ಸಲ ಅರ್ಥ ಆಗಲ್ಲ ಕಣ್ರೀ’ ಅಂದಳು. ಮಾಡದ ತಪ್ಪನ್ನು ತಾನೇ ಮಾಡಿದೆನೇನೋ ಎಂದು ನಂಬಲು ಶುರುಮಾಡಿದ್ದಾಳೆ. ಅವಳ ಡಬ್ಬಿಯ ಊಟ ಹಾಗೇ ಇತ್ತು. ನಾನು ಮಾತ್ರ ನನ್ನದನ್ನು ಪೂರ್ತಿ ತಿಂದೆ, ಈಗ ನೆನೆದರೆ ಹೇಸಿಗೆಯಾಗುತ್ತದೆ.

ನೀನು ಏನು ಹೇಳುತ್ತೀಯ ಎಂದು ಗೊತ್ತು. ‘ಮೊದಲ ದಿನವೇ ಕಚೇರೀಲಿ ಹೇಳು ಅಂದಿರ್ಲಿಲ್ವಾ?’ ಎನ್ನುತ್ತೀಯ. ಹೇಳುವುದು ಸುಲಭ. ನಿನಗೆ ಇಪ್ಪತ್ತೊಂಬತ್ತು, ಎರಡು ಕಣ್ಣೂ ನೆಟ್ಟಗಿವೆ. ನನಗೆ ಐವತ್ತೊಂಬತ್ತು. ನಿಮ್ಮಪ್ಪ ಹೋದ ಮೇಲೆ ಬೆಳಿಗ್ಗೆ ಎದ್ದು ಹೋಗಲು ಇರುವುದು ಅದೊಂದೇ ಜಾಗ. ಅಲ್ಲಿ ನಾನು ಐಲಿ ಕಂಟೋಲ, ತಪ್ಪು ಮಾಡದವಳು. ಆ ಹೆಸರನ್ನು ಯಾರೋ ಎರಡು ಮಕ್ಕಳ ತಾಯಿಗಾಗಿ ನಾನೇ ಕೈಯಾರೆ ಕೆಡಿಸಿಕೊಳ್ಳಬೇಕೇ ಎಂದು ಸಂಜೆಯಿಂದ ಒಲೆಯ ಮುಂದೆ ನಿಂತು ಪಾತ್ರೆ ಕುಕ್ಕುತ್ತಿದ್ದೇನೆ. ಒಂದು ಬಟ್ಟಲು ಒಡೆಯಿತು. ಬ್ರಾಂಡ್‌ವಿಕ್ ಸುಳ್ಳ, ಹೇಡಿ. ಆದರೆ ಅವನ ಸುಳ್ಳನ್ನು ಇವತ್ತು ಒಂದಕ್ಷರವೂ ತಪ್ಪಿಲ್ಲದೆ ಟೈಪು ಮಾಡಿಕೊಟ್ಟವಳು ನಾನು. ಸಿಟ್ಟು ಬೇರೆ ಯಾರ ಮೇಲೆ ಹಾಕಿದರೂ ತಿರುಗಿ ನನ್ನ ಹತ್ತಿರವೇ ಬರುತ್ತಿದೆ.

ಸಾಕು. ಗಾಯಕ್ಕೆ ಎಣ್ಣೆ ಕೊಳೆ ತಾಗದ ಹಾಗೆ ನೋಡಿಕೋ, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ನಿಮ್ಮ ಮುಖ್ಯ ಎಂಜಿನಿಯರರಿಗೆ ನನ್ನ ನಮಸ್ಕಾರ, ಆ ಅಡುಗೆಯವನಿಗೆ ಏನೂ ಬೇಡ. ನೀರು ನಿನ್ನನ್ನು ಕ್ಷೇಮವಾಗಿ ದಡಕ್ಕೆ ತರಲಿ.

ನಿನ್ನ ಅಮ್ಮ,
ಐಲಿ

ಮರೆತದ್ದು: ಶುಕ್ರವಾರ, ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಕೈಯಲ್ಲಿ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಿದ್ದರೆ ಕ್ಷಮಿಸು. ಬೆಳಿಗ್ಗೆ ಏಳಕ್ಕೇ ಹೋಗಿ ನನ್ನ ಹೆಸರಿನಲ್ಲಿ ಬೇರೆ ಅಫಿಡವಿಟ್ ಬೆರಳ ಅಭ್ಯಾಸದಲ್ಲೇ ಟೈಪು ಮಾಡಿದೆ. ನನ್ನ ಕಣ್ಣು, ನಿನ್ನ ಮ್ಯಾಕ್ರೋ, ಅವನು ಇಳಿಸಿದ ಒಂಬತ್ತು, ಡಾರ್ಲಾ ಎರಡು ಸಲ ಹೋಗಿ ಹೇಳಿದ್ದು, ಎಲ್ಲ ಹಾಕಿದೆ. ಮ್ಯಾಕ್ರೋ ಇಲ್ಲದೆ ನನಗೆ ಅದನ್ನು ಓದಲಾಗಲಿಲ್ಲ, ಡಾರ್ಲಾ ಬಂದ ಮೇಲೆ ಅವಳೇ ಗಟ್ಟಿಯಾಗಿ ಓದಿದಳು, ನನ್ನ ಕಣ್ಣಿನ ವಿಷಯ ಬಂದ ಸಾಲಿನಲ್ಲಿ ಒಮ್ಮೆ ನಿಂತು ಮತ್ತೆ ಓದಿದಳು. ಕೆಳಗಿನ ಮಹಡಿಯ ನೋಟರಿಯ ಮುಂದೆ ಸಹಿ ಹಾಕಿ ನಾನೇ ನ್ಯಾಯಾಲಯಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ, ಒಂದು ಪ್ರತಿ ಬ್ರಾಂಡ್‌ವಿಕ್‌ನ ಮೇಜಿನ ಮೇಲೆ ಇಟ್ಟು ಬಂದೆ. ಇನ್ನು ನನಗೆ ಕೆಲಸವಿಲ್ಲ. ಹೇಳಿದ ಮಾತು ಕೇಳಲಿಲ್ಲ ಎಂದು ಬೈಯುವುದಿದ್ದರೆ ಫೋನಿನಲ್ಲಿ ಬೈಯಬೇಡ, ಹಡಗು ಇಲ್ಲಿಗೆ ಬಂದ ದಿನ ಮನೆಗೆ ಬಂದು ಬೈ. ನೇರ ನನ್ನ ಎದುರಿಗೆ ನಿಂತು ಬೈ, ಲೆಂಪಿ. ಪಕ್ಕದಲ್ಲಿ ನಿಂತರೆ ನೀನು ನನಗೆ ಈಗ ಕಾಣುವುದಿಲ್ಲ.