ತಗಡಿನ ಶೆಡ್ಡಿನ ಮುಂದಿನ ಕಲ್ಲು

ಇಟ್ಟಿಗಿ ಊರಿನ ಅಪ್ಪಗ ಚಂದನಾ ಮಾಡುವ ನಮಸ್ಕಾರ.

ಫೋನಿನಾಗ ಹೇಳಿದ್ರ ನೀನು ಹೂಂ ಹೂಂ ಅಂದು ಮರೀತಿ, ಅದಕ್ಕ ಬರದೀನಿ. ಮುಂದಿನ ವಾರ ನಮ್ಮ ಯೂನಿವರ್ಸಿಟಿಯವರು ಒಪ್ಪಿಗೆ ಕಾಗದಕ್ಕ ನಿನ್ನ ಹೆಬ್ಬೆಟ್ಟು ಒತ್ತಿಸ್ಕೊಳ್ಳಾಕ ಬರ್ತಾರ. ಕುರಿ ದೊಡ್ಡಿ ಪಕ್ಕದ ತಗಡಿನ ಶೆಡ್ಡನ್ನ ಸ್ಮಾರಕ ಮಾಡಿ, ಮುಂದ ನಿನ್ನ ಹೆಸರಿನ ಕಲ್ಲು ನಿಲ್ಲಿಸ್ತಾರಂತ.

ಯೂನಿವರ್ಸಿಟಿ ಚರಿತ್ರೆ ಬರಿಯೋ ಕೆಲಸ ನನಗ ಬಂದೈತಿ. ನೀನು ಪುಕ್ಕಟೆ ಬಿಟ್ಟುಕೊಟ್ಟ ಆ ಶೆಡ್ಡಿನಾಗ ಇವರು ಮೊದಲ ಕ್ಲಾಸು ಶುರು ಮಾಡಿ ಪಂಪ್‌ಸೆಟ್ ರಿಪೇರಿ ಕಲಿಸಿದ್ದು, ಫ್ಯಾಕ್ಟರಿಯವರು ‘ನಮಗ ಬೇಕಾದ್ದು ಕಲಿಸ್ರಿ’ ಅಂತ ಬೆನ್ನು ಹತ್ತಿದ್ದು, ಆಮ್ಯಾಲ ಪುಣೆ, ದುಬೈ, ನೈರೋಬಿಗೆ ಬೆಳೆದದ್ದು, ಎಲ್ಲಾ ಚಂದ ಬರದೀನಿ. ಯೂನಿವರ್ಸಿಟಿಯವರು ಬಿಟ್ಟು ಹೋದ ಮ್ಯಾಲಿನ ಇಟ್ಟಿಗಿ ಬಗ್ಗೆ ಮಾತ್ರ ಬರಿಯಾಕ ಏನೂ ಸಿಗವಲ್ದು.

ನಿನ್ನ ಹೆಸರಿನ ಕಲ್ಲು ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು. ಆದ್ರ ನೀನು ಕುರಿ ಹೊಡ್ಕೊಂಡು ದೇಶ ತಿರುಗಿದವ. ನಿನ್ನ ಹಿಂಡು ಎದ್ದು ಹೋದ ಹೊಲದಾಗ ಗೊಬ್ಬರ ಉಳೀತಿತ್ತು, ಅದಕ್ಕ ರೈತರು ಮರುವರ್ಷಾನೂ ಕರೀತಿದ್ರು.

ಬಂದವರಿಗೆ ಚಾ ಕೊಡು. ಕುಡಿದ ಮ್ಯಾಲ ಕೇಳು: ‘ನೀವು ಎದ್ದು ಹೋದ ಮ್ಯಾಲ ಇಲ್ಲೇನು ಉಳೀತ್ರಿ? ಇದೇ ಶೆಡ್ಡಿನಾಗ ಮತ್ತ ಕ್ಲಾಸು ಯಾವಾಗ ಚಾಲೂ ಮಾಡ್ತೀರಿ?’ ನನ್ನ ನೌಕರಿಗೆ ಏನಾದ್ರೂ ಆದೀತು ಅಂತ ಅಂಜಬ್ಯಾಡ.

ಅವರು ಉತ್ತರ ಹೇಳುವಾಗ, ಈಗ ಇದನ್ನ ನಿನಗ ಓದಿ ಹೇಳ್ತಿರೋ ತಂಗಿ ಶೃತಿನ್ನ ಪಕ್ಕದಾಗ ಕುಂದ್ರಿಸ್ಕೋ. ಪಿಯುಸಿ ಮುಗಿಸಿ, ಮುಂದ ಕಲಿಯಾಕ ಊರಾಗ ದಾರಿ ಇಲ್ದ ಮನ್ಯಾಗ ಕುಂತಾಳ. ಹೆಬ್ಬೆಟ್ಟು ಒತ್ತೋ ಮುಂಚೆ ಒಂದ್ಸಲ ಅಕಿ ಮುಖ ನೋಡು.

ನಿನ್ನ ಹಿರೇ ಮಗಳು,
ಚಂದನಾ