ಆಳದ ಕೆಸರಿನಲ್ಲಿ ಸಿಗದ ಚಿಪ್ಪು

ಗೋವಾ
೧೮ ಫೆಬ್ರವರಿ ೨೦೨೫

ಪ್ರೀತಿಯ ಕೋಮಲಕ್ಕನಿಗೆ,

ನಿನ್ನ ತಂಗಿಯ ಜೈಭೀಮ್. ತಡವಾಯಿತು, ಬೈಯಬೇಡ. ನಾನು ಹಡಗು ಹತ್ತುವ ಹಿಂದಿನ ದಿನ ನೀನು ಫೋನಿನಲ್ಲಿ, "ಹೊಟ್ಯಾಗ ತೀರಿಕೊಂಡ ಕೂಸನ್ನ ನನಗ ತೋರಿಸ್ಲೇ ಇಲ್ಲ. ನೀನು ನೋಡಿದ್ದಿಯಲ್ಲ ಸಮತಾ, ಹೆಂಗಿತ್ತು?" ಎಂದೆ. ಸಾಮಾನು ಕಟ್ಟಬೇಕೆಂದು ನೆಪ ಹೇಳಿ ಫೋನ್ ಇಟ್ಟುಬಿಟ್ಟೆ. ಆಮೇಲೆ ಸಮುದ್ರದ ನಡುವೆ ಸಿಗ್ನಲ್ಲೂ ಇರಲಿಲ್ಲ. ನಿನ್ನೆಯಷ್ಟೇ ದಡಕ್ಕೆ ಬಂದೆವು.

ಭೀಮರಾಜ ಭಾವ, "ಕೊಟ್ಟೂರಾಗ ನಳದ ನೀರಿಗಿ ಕಾಯೋ ಹುಡುಗಿ ಸಮುದ್ರಕ್ಕ ಹೋಗಿ ಕೆಸರು ತೊಳಿತಾಳಂತ!" ಎಂದು ನಕ್ಕಿದ್ದರಲ್ಲ, ಅದೇ ಕೆಲಸ. ಹಡಗಿನ ಓಲಾಟಕ್ಕೆ ಅನ್ನ ಸೇರದೆ ಮಂಡಕ್ಕಿ ತಿಂದೇ ಬದುಕಿದೆ ಎಂದು ಅವರಿಗೆ ಹೇಳು.

ತಳದ ಕೆಸರನ್ನು ಉದ್ದನೆಯ ಕೊಳವೆಯಲ್ಲಿ ಎತ್ತಿ, ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಸಣ್ಣ ರವೆಯಂಥ ಚಿಪ್ಪುಗಳು, ಅಕ್ಕ! ಮೇಲಿನ ನೀರಿನಲ್ಲಿ ತೇಲಿ ಬದುಕಿದ ಜೀವಿಗಳು ಸತ್ತ ಮೇಲೆ ಅವುಗಳ ಚಿಪ್ಪು ಕೆಳಗಿಳಿಯುತ್ತದೆ. ಆಳ ಕಡಿಮೆ ಇದ್ದ ಕಡೆ ರಾಶಿ ಸಿಕ್ಕವು. ತೀರಾ ಆಳದ ಕೆಸರಿನಲ್ಲಿ ಒಂದೂ ಇಲ್ಲ. "ಇಲ್ಲಿ ಇವು ಬದುಕಿರಲಿಲ್ಲ" ಎಂದು ಬರೆದುಬಿಟ್ಟೆ. ನಮ್ಮ ತಂಡದ ಹಿರಿಯ ವಿಜ್ಞಾನಿ ಹೊನ್ನೂರಸ್ವಾಮಿ ಸರ್ ಕೂಡ್ಲಿಗಿಯವರು. ಅದನ್ನು ನೋಡಿ, "ಹಂಗಂತ ಯಾರು ಹೇಳಿದ್ರವ್ವ? ಮ್ಯಾಲಿನ ನೀರಾಗ ಭಾಳ ಇದ್ದವು. ಅಷ್ಟು ಆಳದ ತಣ್ಣೀರು ಸುಣ್ಣದ ಚಿಪ್ಪನ್ನ ಕರಗಿಸಿಬಿಡತೈತಿ. ಕೆಲವನ್ನ ತಳದ ಸೆಳವು ಬ್ಯಾರೆ ಕಡಿಗಿ ಒಯ್ದಿರತೈತಿ. ನಮಗ ಸಿಗಲಿಲ್ಲ ಅಂತ ಬರಿ, ಸಾಕು," ಎಂದರು.

ಹೊಡೆದುಹಾಕಿ ಮತ್ತೆ ಬರೆದೆ. ಬರೆಯುವಾಗ ನಿನ್ನ ನೆನಪಾಗಿ ಕಣ್ಣು ತುಂಬಿತು. ನಮ್ಮ ಮನೆಯಲ್ಲಿ ಆ ಕೂಸಿನ ಮಾತನ್ನು ಯಾರೂ ಎತ್ತುವುದಿಲ್ಲ, ಅದು ಬದುಕಿ ನಿನ್ನ ಹೊಟ್ಟೆಯಲ್ಲಿ ಒದೆಯುತ್ತಿತ್ತು ಎಂಬುದನ್ನೂ.

ಅವ್ವನ ಮೇಲೆ ಸಿಟ್ಟಿಟ್ಟುಕೊಳ್ಳಬೇಡ. "ಕೂಸಿನ ಮಕ ನೋಡಿದ್ರ ಆಕಿಗಿ ಮರಿಯಾಕ ಆಗಲ್ಲ," ಎಂದು ಅಂಜಿ, ಹೆರಿಗೆಯ ಮತ್ತಿನಿಂದ ನಿನಗೆ ಎಚ್ಚರವಾಗುವ ಮೊದಲೇ ಮಣ್ಣು ಮಾಡಿಸಿದಳು. ಆಮೇಲೆ ಬಚ್ಚಲಿನಲ್ಲಿ ಕೂತು ಅತ್ತದ್ದನ್ನು ನಾನು ಕಂಡಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಭಾವನಿಗೂ ಅವ್ವನಿಗೂ ನಮಸ್ಕಾರ ತಿಳಿಸು. ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕ.

ನಿನ್ನ
ಸಮತಾ

ತಾ.ಕ.: ನೀನು ಕೇಳಿದ್ದೆಯಲ್ಲ. ತಲೆ ತುಂಬ ಕಪ್ಪು ಕೂದಲು. ಕಿವಿ ಅಗಲ, ನಿನ್ನವೇ. ಮುಷ್ಟಿ ಬಿಗಿ ಹಿಡಿದಿದ್ದಳು. ಬಟ್ಟೆ ಸುತ್ತುವ ಮೊದಲು ನಾನು ಎತ್ತಿಕೊಂಡೆ. ಮೈ ಇನ್ನೂ ಬೆಚ್ಚಗಿತ್ತು, ನಿನ್ನದೇ ಕಾವು ಅದು. ಅವಳಿಗೊಂದು ಹೆಸರಿಟ್ಟು ಬರೆದು ಕಳಿಸು. ಅವಳನ್ನು ನೆನೆದಾಗಲೆಲ್ಲ ಏನೆಂದು ಕರೆಯಬೇಕೋ ನನಗೆ ತಿಳಿಯುತ್ತಿಲ್ಲ.